ಸಭೆ, ಮಣ್ಣು ಮತ್ತು ಪಾರುಪತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕ್ರೈಸ್ತ ಸಭೆಯ ಹೆಸರಿನಲ್ಲಿ ತುಂಡು ನೆಲವಿದ್ದರೂ ಸಾಕು, ಆ ನೆಲದ ಮಣ್ಣು ಬದುಕಿದೆಯೋ ಸಾಯುತ್ತಿದೆಯೋ ಎಂಬುದು ಆ ಸಭೆ ಒಪ್ಪಿಸಬೇಕಾದ ಲೆಕ್ಕಕ್ಕೆ ಸೇರುತ್ತದೆ. ಕಟ್ಟಡದ ಛಾವಣಿ ಸೋರಿದರೆ ತುರ್ತು ಸಭೆ ಕರೆಯುವ ನಾವು, ಮಳೆಗೆ ಮೇಲ್ಮಣ್ಣು ಕೊಚ್ಚಿಕೊಂಡು ಹೋದಾಗ ಅದನ್ನು ನಷ್ಟವೆಂದೇ ಬರೆದುಕೊಳ್ಳುವುದಿಲ್ಲ. ಈ ಮರೆವಿನ ಬಗ್ಗೆ ಸಭಾಪಾಲಕರು, ಹಿರಿಯರು, ಆಸ್ತಿ ಸಮಿತಿಯ ಸದಸ್ಯರು ಮತ್ತು ಕೃಷಿಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡು ಉತ್ತರಿಸಲಾಗಿದೆ.

ಕ್ರೈಸ್ತ ವಿಶ್ವಾಸಕ್ಕೂ ಮಣ್ಣಿನ ಆರೋಗ್ಯಕ್ಕೂ ನಿಜವಾಗಿ ಸಂಬಂಧವಿದೆಯೇ? ಇದು ಈಚಿನ ಪರಿಸರ ಚಳವಳಿಯಿಂದ ತಂದು ಅಂಟಿಸಿದ ವಿಷಯವಲ್ಲವೇ?

ಸಂಬಂಧ ಬೈಬಲಿನ ಎರಡನೆಯ ಅಧ್ಯಾಯದಲ್ಲಿಯೇ ಇದೆ. ಹೀಬ್ರೂ ಭಾಷೆಯಲ್ಲಿ ಮನುಷ್ಯನಿಗೆ 'ಆದಾಮ್' ಎಂದೂ ಅವನನ್ನು ರೂಪಿಸಿದ ನೆಲದ ಮಣ್ಣಿಗೆ 'ಅದಾಮಾ' ಎಂದೂ ಹೆಸರು. ಮೂಲದಲ್ಲಿ ಓದುವವರಿಗೆ ಈ ನಂಟು ಕಿವಿಗೇ ಕೇಳಿಸುತ್ತದೆ. ಆದಿಕಾಂಡ 2:15ರಲ್ಲಿ ಮನುಷ್ಯನನ್ನು ತೋಟದಲ್ಲಿ ಇರಿಸಿದ ಉದ್ದೇಶವನ್ನು 'ಅವದ್', 'ಶಮರ್' ಎಂಬ ಎರಡು ಕ್ರಿಯಾಪದಗಳು ಹೇಳುತ್ತವೆ. ಮೊದಲನೆಯದಕ್ಕೆ ದುಡಿಯುವುದು, ಸೇವೆ ಮಾಡುವುದು ಎಂಬ ಅರ್ಥಗಳಿವೆ. ಎರಡನೆಯದಕ್ಕೆ ಕಾಯುವುದು, ಕಾಪಾಡುವುದು ಎಂಬ ಅರ್ಥ. ಇದೇ ಜೋಡಿ ಪದಗಳು ಅರಣ್ಯಕಾಂಡದ ಮೂರನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರದಲ್ಲಿ ಲೇವಿಯರು ಮಾಡಬೇಕಾದ ಸೇವೆಯನ್ನು ವಿವರಿಸಲು ಬರುತ್ತವೆ. 'ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ' ಎಂಬ ಆಶೀರ್ವಚನದಲ್ಲಿ ಇರುವುದೂ 'ಶಮರ್' ಧಾತುವೇ. ದೇವರು ನಮ್ಮನ್ನು ಹೇಗೆ ಕಾಪಾಡಲಿ ಎಂದು ಪ್ರತಿ ವಾರ ಬೇಡಿಕೊಳ್ಳುತ್ತೇವೆಯೋ, ನೆಲವನ್ನು ಹಾಗೆ ಕಾಪಾಡುವ ಕೆಲಸ ನಮಗೆ ಒಪ್ಪಿಸಲ್ಪಟ್ಟಿದೆ.

ಇದರ ಜೊತೆಗೆ ಯಾಜಕಕಾಂಡ 25:23 ಇದೆ: ಭೂಮಿ ದೇವರದು, ಅದರ ಮೇಲೆ ಇರುವವರು ಪರದೇಶಿಗಳು ಮತ್ತು ಒಕ್ಕಲುಗಳು ಮಾತ್ರ. ಕನ್ನಡ ಬೈಬಲಿನ ಓದುಗರಿಗೆ ಪಾರುಪತ್ಯಗಾರ, ಮನೆವಾರ್ತೆಯವನು ಎಂಬ ಪದಗಳು ಪರಿಚಿತವಾದವು. ಪಾರುಪತ್ಯಗಾರನು ಒಡೆಯನಲ್ಲ, ಕೂಲಿಯಾಳೂ ಅಲ್ಲ; ಒಡೆಯನ ಆಸ್ತಿಯನ್ನು ನಡೆಸಿ, ಕರೆದಾಗ ಲೆಕ್ಕ ಒಪ್ಪಿಸಬೇಕಾದವನು.

ಹಾಗಾದರೆ 'ಭೂಮಿಯನ್ನು ವಶಮಾಡಿಕೊಳ್ಳಿರಿ, ದೊರೆತನ ಮಾಡಿರಿ' ಎಂಬ ಆದಿಕಾಂಡ 1:28ರ ಮಾತನ್ನು ಏನು ಮಾಡುವುದು?

ಆ ಮಾತನ್ನು ಮೆತ್ತಗೆ ಮಾಡಿ ತೋರಿಸುವುದು ಪ್ರಾಮಾಣಿಕವಲ್ಲ. ಹೀಬ್ರೂ ಮೂಲದಲ್ಲಿ ಅಲ್ಲಿರುವ 'ಕಬಾಶ್' (ವಶಮಾಡಿಕೊಳ್ಳುವುದು) ಮತ್ತು 'ರದಾ' (ಆಳುವುದು) ಎರಡೂ ಬಿರುಸಾದ ಪದಗಳು. ಇತಿಹಾಸಕಾರ ಲಿನ್ ವೈಟ್ 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಪಾಶ್ಚಾತ್ಯ ಕ್ರೈಸ್ತ ಚಿಂತನೆಯೇ ಪರಿಸರ ಬಿಕ್ಕಟ್ಟಿನ ಭಾರವನ್ನು ಬಹುಮಟ್ಟಿಗೆ ಹೊರಬೇಕೆಂದು ವಾದಿಸಿದರು. ಅವರ ವಾದಕ್ಕೆ ಬಂದ ಉತ್ತರಗಳು ಬಹಳ. ಆದರೂ ಈ ವಚನವನ್ನು ಕಾಡು ಕಡಿಯಲು, ನೆಲವನ್ನು ಹಿಂಡಲು ಪರವಾನಗಿಯಂತೆ ಬಳಸಿದವರು ಇದ್ದರು ಎಂಬುದನ್ನು ಅಲ್ಲಗಳೆಯಲಾಗದು.

ಆದರೆ ದೊರೆತನ ಹೇಗಿರಬೇಕೆಂಬುದನ್ನು ಬೈಬಲೇ ಮುಂದೆ ಬಿಡಿಸಿ ಹೇಳುತ್ತದೆ. ಯೆಹೆಜ್ಕೇಲ 34:4ರಲ್ಲಿ ಕುರಿಗಳನ್ನು ಕ್ರೂರವಾಗಿ ಆಳಿದ ಕುರುಬರನ್ನು ದೇವರು ಖಂಡಿಸುವಾಗ ಬಳಸಿರುವುದು ಇದೇ 'ರದಾ' ಪದ. ಆಳಿಕೆ ಇದೆ ಎಂಬುದಕ್ಕಿಂತ ಆಳಿಸಿಕೊಂಡದ್ದು ಆಳಿಕೆಯ ಕೊನೆಯಲ್ಲಿ ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬುದೇ ಅಲ್ಲಿ ನ್ಯಾಯತೀರ್ಪಿನ ವಿಷಯ.

ಮಣ್ಣಿಗೆ ಇಷ್ಟು ಗೌರವ ಕೊಡುವುದು ಸೃಷ್ಟಿಯನ್ನೇ ಆರಾಧಿಸಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಇನ್ನೊಬ್ಬರು ನಂಬಿ ಒಪ್ಪಿಸಿದ ವಸ್ತುವನ್ನು ಜೋಪಾನ ಮಾಡುವುದು ಆ ವಸ್ತುವಿನ ಪೂಜೆಯಲ್ಲ, ಒಪ್ಪಿಸಿದವರಿಗೆ ತೋರುವ ನಿಷ್ಠೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠನಿಯಮದ 31ನೆಯ ಅಧ್ಯಾಯದಲ್ಲಿ, ಮಠದ ಉಪಕರಣಗಳನ್ನೂ ಸಾಮಾನುಗಳನ್ನೂ ಬಲಿಪೀಠದ ಪಾತ್ರೆಗಳಂತೆ ಕಾಣಬೇಕೆಂದು ಉಗ್ರಾಣದ ಮೇಲ್ವಿಚಾರಕನಿಗೆ ವಿಧಿಸಿದರು. ಗುದ್ದಲಿಗೆ ಅಷ್ಟು ಗೌರವವಿದ್ದರೆ, ಗುದ್ದಲಿ ಇಳಿಯುವ ಮಣ್ಣಿಗೆ ಅದಕ್ಕಿಂತ ಕಡಿಮೆ ಇರಲಾರದು.

'ಮಣ್ಣಿನ ಆರೋಗ್ಯ' ಎಂದರೆ ನಿಖರವಾಗಿ ಏನು? ಗೊಬ್ಬರ ಹಾಕಿದರೆ ಸಾಲದೇ?

ಮಣ್ಣು ಬರೀ ಖನಿಜದ ಪುಡಿಯಲ್ಲ. ಒಳ್ಳೆಯ ತೋಟದ ಮಣ್ಣಿನ ಗಾತ್ರದಲ್ಲಿ ಖನಿಜ ಕಣಗಳ ಪಾಲು ಸುಮಾರು ಅರ್ಧ. ಉಳಿದ ಅರ್ಧ ರಂಧ್ರಗಳು, ಅವುಗಳಲ್ಲಿ ನೀರು ಮತ್ತು ಗಾಳಿ. ಸಾವಯವ ಪದಾರ್ಥ ಶೇ 5ರಷ್ಟಿದ್ದರೇ ಬಹಳ. ಆದರೆ ಇಡೀ ವ್ಯವಸ್ಥೆ ನಿಂತಿರುವುದು ಈ ಸಣ್ಣ ಪಾಲಿನ ಮೇಲೆ. ಬೇರುಗಳು ಒಸರುವ ಸಕ್ಕರೆಯನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಅಂಟು ಪದಾರ್ಥಗಳನ್ನು ಬಿಡುತ್ತವೆ. ಆ ಅಂಟಿನಿಂದ ಮಣ್ಣಿನ ಕಣಗಳು ಚಿಕ್ಕ ಚಿಕ್ಕ ಹರಳುಗಳಾಗಿ ಕೂಡಿಕೊಳ್ಳುತ್ತವೆ. ಹರಳುಗಳ ನಡುವಿನ ಸಂದುಗಳಲ್ಲಿ ಮಳೆನೀರು ಇಂಗುತ್ತದೆ, ಬೇರಿಗೆ ಉಸಿರು ಸಿಗುತ್ತದೆ. ಮಣ್ಣನ್ನು ಪದೇ ಪದೇ ಉತ್ತು ಬರಿದಾಗಿ ಬಿಟ್ಟರೆ ಹರಳುಗಳು ಒಡೆಯುತ್ತವೆ, ಮಳೆಹನಿಯ ಹೊಡೆತಕ್ಕೆ ಮೇಲ್ಮೈ ಹೆಪ್ಪುಗಟ್ಟುತ್ತದೆ, ಇಂಗಬೇಕಾದ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಹರಿದುಹೋಗುತ್ತದೆ. ಚೀಲದ ಗೊಬ್ಬರ ಸಾರಜನಕವನ್ನು ಕೊಡಬಲ್ಲದು. ಈ ರಚನೆಯನ್ನು ಕಟ್ಟಿಕೊಡಲಾರದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ನಮ್ಮ ಆಹಾರದ ಸುಮಾರು ಶೇ 95 ಭಾಗ ನೇರವಾಗಿ ಅಥವಾ ಪರೋಕ್ಷವಾಗಿ ಮಣ್ಣಿನಿಂದ ಬರುತ್ತದೆ, ಜಗತ್ತಿನ ಮಣ್ಣಿನ ಮೂರನೆಯ ಒಂದು ಭಾಗ ಈಗಾಗಲೇ ಹಾಳಾಗಿದೆ. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಹಿಡಿಯಬಹುದು. ಕೊಚ್ಚಿಹೋಗಲು ಕೆಲವು ಬಿರುಮಳೆಗಳು ಸಾಕು.

ಏಳನೆಯ ವರ್ಷ ಹೊಲವನ್ನು ಬೀಳುಬಿಡಬೇಕೆಂಬ ನಿಯಮವನ್ನು ಈಗ ಪಾಲಿಸಬೇಕೇ?

ಅದೊಂದು ಶಾಸನವಾಗಿ ಕ್ರೈಸ್ತ ಸಭೆಗಳನ್ನು ಕಟ್ಟುವುದಿಲ್ಲ ಎಂಬುದು ಬಹುತೇಕ ಸಂಪ್ರದಾಯಗಳ ಅಭಿಪ್ರಾಯ. ಆದರೆ ಅದನ್ನು ಹಳೆಯ ಕಾಲದ ಆಚರಣೆ ಎಂದು ಪಕ್ಕಕ್ಕೆ ಸರಿಸುವ ಮೊದಲು ಅದರೊಳಗೆ ಏನೇನು ಹೆಣೆದುಕೊಂಡಿದೆ ಎಂಬುದನ್ನು ನೋಡಬೇಕು. ವಿಮೋಚನಕಾಂಡ 23ರಲ್ಲಿ ಭೂಮಿ ವಿಶ್ರಮಿಸುವ ವರ್ಷದಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಉಳಿದದ್ದು ಕಾಡುಮೃಗಗಳಿಗೆ. ಯಾಜಕಕಾಂಡ 25ರಲ್ಲಿ ಆಳುಗಳಿಗೆ, ಪರದೇಶಿಗಳಿಗೆ, ದನಗಳಿಗೆ. ಯಾಜಕಕಾಂಡ 26 ಇನ್ನೂ ಗಂಭೀರವಾದ ಮಾತನ್ನು ಹೇಳುತ್ತದೆ: ಜನರು ಕೊಡದೆ ಉಳಿಸಿಕೊಂಡ ವಿಶ್ರಾಂತಿಯನ್ನು ಅವರು ಸೆರೆಹೋದ ಮೇಲೆ ಭೂಮಿಯೇ ಪಡೆದುಕೊಳ್ಳುತ್ತದೆ. ಎರಡನೆಯ ಪೂರ್ವಕಾಲವೃತ್ತಾಂತದ ಕೊನೆಯ ಅಧ್ಯಾಯ ಬಾಬಿಲೋನಿನ ಸೆರೆಯ ಎಪ್ಪತ್ತು ವರ್ಷಗಳನ್ನು ಹೀಗೆಯೇ ಎಣಿಸುತ್ತದೆ. ಭೂಮಿಗೆ ಸಲ್ಲಬೇಕಾದುದು ಬಾಕಿಯಾಗಿ ಉಳಿಯುತ್ತದೆ, ಆ ಬಾಕಿ ಒಂದು ದಿನ ತೀರಲೇಬೇಕು ಎಂಬ ಈ ದೃಷ್ಟಿ ನನ್ನನ್ನು ಬಹಳ ಕಾಡಿದೆ.

ಕೃಷಿಯ ದೃಷ್ಟಿಯಿಂದ ಇಲ್ಲೊಂದು ಎಚ್ಚರಿಕೆ ಬೇಕು. ವಿಶ್ರಾಂತಿ ಎಂದು ಹೊಲವನ್ನು ಉತ್ತು ಬರಿನೆಲವಾಗಿ ಬಿಡುವುದು ಮಣ್ಣಿಗೆ ಅಪಾಯಕಾರಿ. ಬಿಸಿಲು, ಗಾಳಿ, ಮಳೆಗಳಿಗೆ ತೆರೆದುಕೊಂಡ ಮಣ್ಣು ಸವೆಯುತ್ತದೆ, ಬೇರಿಲ್ಲದ ಮಣ್ಣಿನಲ್ಲಿ ಜೀವಿಗಳು ಹಸಿವಿನಿಂದ ಸಾಯುತ್ತವೆ. ಮಣ್ಣಿಗೆ ವಿಶ್ರಾಂತಿ ಎಂದರೆ ಸುಗ್ಗಿಯಿಂದ ಬಿಡುವು; ಸಸ್ಯದ ಹೊದಿಕೆಯಿಂದ ಬಿಡುವಲ್ಲ. ದ್ವಿದಳ ಸಸ್ಯಗಳು, ಹುಲ್ಲುಗಳು ಮತ್ತು ಆಳ ಬೇರಿನ ಗಿಡಗಳನ್ನು ಬೆರೆಸಿ ಬಿತ್ತಿ, ಕೊಯ್ಯದೆ ಮಣ್ಣಿಗೇ ಸೇರಿಸುವುದು ಇಂದಿನ ಹೊಲಕ್ಕೆ ಹೊಂದುವ ವಿಶ್ರಾಂತಿ. ಸಭೆಯ ಜಮೀನು ದೊಡ್ಡದಾಗಿದ್ದರೆ ಏಳು ಭಾಗ ಮಾಡಿ ವರ್ಷಕ್ಕೊಂದು ಭಾಗಕ್ಕೆ ಈ ಬಿಡುವು ಕೊಡಬಹುದು. ಆ ಭಾಗದ ಗೇಣಿಯನ್ನು ಸಭೆಯೇ ಬಿಟ್ಟುಕೊಡಬೇಕು, ಒಕ್ಕಲಿನ ತಲೆಯ ಮೇಲೆ ಹಾಕಬಾರದು.

ನಮ್ಮ ಸಭೆಯ ಜಮೀನನ್ನು ಗೇಣಿಗೆ ಕೊಟ್ಟಿದ್ದೇವೆ. ಅಲ್ಲಿ ಏನು ಮಾಡುತ್ತಾರೆ ಎಂಬುದು ಉಳುವವರ ಹೊಣೆಯಲ್ಲವೇ?

ಎಲ್ಲ ಪ್ರಶ್ನೆಗಳ ಪೈಕಿ ನಾನು ಅತಿ ಮುಖ್ಯವೆಂದು ಭಾವಿಸುವುದು ಇದನ್ನೇ. ಸಭೆಯೊಂದು ಅಂಗಳದಲ್ಲಿ ನಾಲ್ಕು ಮಡಿ ತರಕಾರಿ ಬೆಳೆಸಿ ಸಂತೋಷಪಡುತ್ತಿರುವಾಗ, ಅದೇ ಸಭೆಯ ಹೆಸರಿನ ಹತ್ತಾರು ಎಕರೆ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿರುವುದು ಅಪರೂಪವಲ್ಲ. ಮತ್ತು ಅದಕ್ಕೆ ಕಾರಣ ಸಾಮಾನ್ಯವಾಗಿ ಉಳುವವರ ಅಸಡ್ಡೆಯಲ್ಲ, ಕರಾರುಪತ್ರ.

ಒಂದು ವರ್ಷದ ಗೇಣಿಗೆ ನೆಲ ಹಿಡಿದವನು ಮುಂದಿನ ವರ್ಷ ತಾನೇ ಇರುತ್ತೇನೆಂದು ತಿಳಿಯದೆ ಸುಣ್ಣ, ಕಾಂಪೋಸ್ಟ್, ಹೊದಿಕೆ ಬೆಳೆ, ಬದು ಮುಂತಾದವುಗಳಿಗೆ ಹಣ ಹಾಕುವುದು ಹೇಗೆ? ಅವುಗಳ ಫಲ ಕೈಗೆ ಬರುವುದು ಮೂರನೆಯ ಅಥವಾ ಐದನೆಯ ವರ್ಷದಲ್ಲಿ. ಪ್ರತಿ ಹರಾಜಿನಲ್ಲಿ ಅತಿ ಹೆಚ್ಚು ಕೂಗಿದವರಿಗೇ ನೆಲ ಕೊಡುವ ಸಭೆ, ಮಣ್ಣನ್ನು ಅತಿ ಹೆಚ್ಚು ಹಿಂಡಬಲ್ಲವರನ್ನು ತಾನೇ ಆರಿಸುತ್ತಿರುತ್ತದೆ. ಆದ್ದರಿಂದ ಕರಾರಿನಲ್ಲಿ ತರಬೇಕಾದ ಮೊದಲ ಬದಲಾವಣೆ ಅವಧಿಯದು: ಸ್ಥಳೀಯ ಕಾನೂನು ಒಪ್ಪುವಷ್ಟು ದೀರ್ಘವಾದ, ಐದು ವರ್ಷಕ್ಕಿಂತ ಕಡಿಮೆಯಿಲ್ಲದ ಗೇಣಿ. ಎರಡನೆಯದಾಗಿ, ಗೇಣಿ ಆರಂಭವಾಗುವ ದಿನ ಎರಡೂ ಕಡೆಯವರ ಎದುರಿನಲ್ಲಿ ಮಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕರಾರಿಗೆ ಲಗತ್ತಿಸುವುದು. ಅವಧಿ ಮುಗಿಯುವಾಗ ಅದೇ ಜಾಗಗಳಿಂದ ಮತ್ತೆ ತೆಗೆಯುವುದು. ಮಣ್ಣು ಸುಧಾರಿಸಿದ್ದರೆ ಸಭೆ ಅದರ ಬೆಲೆಯನ್ನು ಒಕ್ಕಲಿಗೆ ಕಟ್ಟಿಕೊಡಬೇಕು, ಇಲ್ಲವೇ ಮುಂದಿನ ಅವಧಿಯ ಗೇಣಿಯಲ್ಲಿ ಕಡಿತ ಮಾಡಬೇಕು. ಬೆಳೆಯುಳಿಕೆಯನ್ನು ಸುಡಬಾರದು, ಮಳೆಗಾಲದಲ್ಲಿ ನೆಲ ಬರಿದಾಗಿರಬಾರದು, ಇಳಿಜಾರಿಗೆ ಅಡ್ಡಲಾಗಿಯೇ ಉಳಬೇಕು ಎಂಬ ಮೂರು ಷರತ್ತುಗಳು ಆರಂಭಕ್ಕೆ ಸಾಕು. ಇಪ್ಪತ್ತು ಷರತ್ತು ಬರೆದು ಗೇಣಿಯಲ್ಲಿ ಒಂದು ಕಾಸೂ ಇಳಿಸದಿರುವುದು ಪಾರುಪತ್ಯವಲ್ಲ, ಹೊರೆ ಹೇರುವುದು.

ಕಥೋಲಿಕ ಸಭೆಯ ಧರ್ಮಸಭಾ ಕಾನೂನಿನ 1284ನೆಯ ವಿಧಿ, ಸಭೆಯ ಸ್ವತ್ತನ್ನು ನಡೆಸುವವರು ಒಳ್ಳೆಯ ಮನೆಯಜಮಾನನ ಜಾಗರೂಕತೆಯಿಂದ ನಡೆಸಬೇಕೆಂದೂ ಅದು ನಷ್ಟವಾಗದಂತೆ, ಹಾಳಾಗದಂತೆ ನೋಡಿಕೊಳ್ಳಬೇಕೆಂದೂ ಹೇಳುತ್ತದೆ. ಆದಾಯ ಇಳಿಯುವುದಾದರೂ ಮಣ್ಣನ್ನು ಉಳಿಸಬಹುದೇ ಎಂದು ಕೇಳುವ ಆಸ್ತಿ ಸಮಿತಿಗಳು ಈ ಮಾತನ್ನು ಗಮನಿಸಬೇಕು. ಮೇಲ್ಮಣ್ಣು ಮೂಲಧನ, ಮೂಲಧನವನ್ನು ಕರಗಿಸಿ ತೋರಿಸಿದ ಆದಾಯ ಆದಾಯವಲ್ಲ. ಬೇರೆ ಸಂಪ್ರದಾಯಗಳ ಸಭೆಗಳಲ್ಲಿ ಜಮೀನು ಸ್ಥಳೀಯ ಸಭೆಯ ಹೆಸರಿನಲ್ಲಿ ಇರದೆ ಧರ್ಮಪ್ರಾಂತ್ಯದ ಅಥವಾ ಟ್ರಸ್ಟಿನ ಹೆಸರಿನಲ್ಲಿ ಇರಬಹುದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಗಳ ಜೀವನಾಧಾರಕ್ಕೆಂದು ಇದ್ದ ಭೂಮಿಯನ್ನು 1976ರ ಶಾಸನ ಧರ್ಮಪ್ರಾಂತ್ಯಗಳ ಹಣಕಾಸು ಮಂಡಳಿಗಳಿಗೆ ವರ್ಗಾಯಿಸಿತು. ಹೀಗಿರುವಾಗ ಮೊದಲ ಕೆಲಸ, ನಿರ್ಧಾರ ಯಾರ ಕೈಯಲ್ಲಿದೆ ಎಂದು ತಿಳಿದು ಅವರಿಗೆ ಪತ್ರ ಬರೆಯುವುದು.

ಪ್ರಯೋಗಾಲಯವಿಲ್ಲದೆ ಮಣ್ಣನ್ನು ನಾವೇ ಪರೀಕ್ಷಿಸಬಹುದೇ?

ಒಂದು ಸಲಿಕೆ, ಒಂದು ಲೋಟ ನೀರು, ಎರಡು ಗಂಟೆ ಸಮಯ ಇದ್ದರೆ ಬಹಳಷ್ಟು ತಿಳಿಯುತ್ತದೆ. ಮಣ್ಣು ಹದವಾಗಿ ತೇವವಿರುವಾಗ ಒಂದು ಅಡಿ ಉದ್ದ, ಅಗಲ, ಆಳದ ಗಡ್ಡೆಯನ್ನು ಅಗೆದು ಎತ್ತಿ. ಕೈಯಲ್ಲಿ ಹಿಡಿದು ಮುರಿದಾಗ ಅದು ಹರಳುಹರಳಾಗಿ ಉದುರುತ್ತದೆಯೇ, ಇಟ್ಟಿಗೆಯಂತೆ ಚಪ್ಪಟೆ ಹೋಳುಗಳಾಗಿ ಒಡೆಯುತ್ತದೆಯೇ? ಬೇರುಗಳು ನೇರವಾಗಿ ಇಳಿದಿವೆಯೇ, ಗಟ್ಟಿ ಪದರಕ್ಕೆ ತಗಲಿ ಅಡ್ಡಕ್ಕೆ ತಿರುಗಿವೆಯೇ? ಎರೆಹುಳುಗಳನ್ನು ಎಣಿಸಿ, ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಒಳ್ಳೆಯ ಲಕ್ಷಣ, ಆದರೆ ಒಣಪ್ರದೇಶದಲ್ಲಿ ಕಡಿಮೆ ಇದ್ದ ಮಾತ್ರಕ್ಕೆ ಮಣ್ಣು ಸತ್ತಿದೆ ಎನ್ನಲಾಗದು. ಅನಂತರ ಮಣ್ಣನ್ನು ಮೂಸಿ ನೋಡಿ. ಆರೋಗ್ಯವಂತ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ; ಗಾಳಿಯಾಡದ ಮಣ್ಣು ಹುಳಿಯಾಗಿ ಅಥವಾ ಕೊಳೆತ ಮೊಟ್ಟೆಯಂತೆ ನಾರುತ್ತದೆ.

ನೀರು ಇಂಗುವ ಪರೀಕ್ಷೆಗೆ 15 ಸೆಂಟಿಮೀಟರ್ ವ್ಯಾಸದ, ಎರಡೂ ತುದಿ ತೆರೆದ ಡಬ್ಬವನ್ನು ನೆಲಕ್ಕೆ ಸ್ವಲ್ಪ ಹೊಡೆದು, 450 ಮಿಲಿಲೀಟರ್ ನೀರು ಹೊಯ್ಯಿರಿ. ಅದು ಸುಮಾರು ಒಂದು ಅಂಗುಲ ಮಳೆಗೆ ಸಮ. ನೀರು ಇಂಗಿದ ಮೇಲೆ ಎರಡನೆಯ ಸಲ ಹೊಯ್ದು ಆಗ ಹಿಡಿಯುವ ಸಮಯವನ್ನು ಬರೆದುಕೊಳ್ಳಿ. ಉತ್ತ ಹೊಲದಲ್ಲೂ ಅದರ ಪಕ್ಕದ ಮರದಡಿಯಲ್ಲೂ ಇದನ್ನು ಮಾಡಿ ನೋಡಿದವರಿಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಒಣಗಿದ ಒಂದು ಹೆಂಟೆಯನ್ನು ಜಾಲರಿಯ ಮೇಲಿಟ್ಟು ನೀರಿನಲ್ಲಿ ಮುಳುಗಿಸುವುದು ಇನ್ನೊಂದು ಪರೀಕ್ಷೆ: ಜೀವವಿರುವ ಮಣ್ಣಿನ ಹೆಂಟೆ ಬಹಳ ಹೊತ್ತು ತನ್ನ ಆಕಾರ ಉಳಿಸಿಕೊಳ್ಳುತ್ತದೆ, ದುರ್ಬಲ ಮಣ್ಣು ಕೆಲವೇ ನಿಮಿಷಗಳಲ್ಲಿ ಕರಗಿ ಕೆಸರಾಗುತ್ತದೆ. ಆಮ್ಲೀಯತೆ, ರಂಜಕ, ಪೊಟ್ಯಾಷ್ ಮತ್ತು ಸಾವಯವ ಇಂಗಾಲವನ್ನು ತಿಳಿಯಲು ಮಾತ್ರ ಪ್ರಯೋಗಾಲಯಕ್ಕೇ ಹೋಗಬೇಕು.

ನಮ್ಮಲ್ಲಿ ಇರುವುದು ಕಟ್ಟಡದ ಸುತ್ತಲಿನ ಅಂಗಳ ಮಾತ್ರ. ಎಲ್ಲಿಂದ ಆರಂಭಿಸಬೇಕು?

ಎಲೆಗಳನ್ನು ಸುಡುವುದನ್ನು ನಿಲ್ಲಿಸುವುದರಿಂದ. ಒಣ ಎಲೆ, ಹುಲ್ಲು, ಅಡುಗೆಮನೆಯ ಹಸಿ ತ್ಯಾಜ್ಯಗಳನ್ನು ಸೇರಿಸಿ, ಇಂಗಾಲ 25ರಿಂದ 30 ಭಾಗಕ್ಕೆ ಸಾರಜನಕ ಒಂದು ಭಾಗವಿರುವಂತೆ ರಾಶಿ ಹಾಕಿದರೆ ಒಳಗಿನ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ, ಕಳೆಬೀಜ ಮತ್ತು ರೋಗಾಣುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಲೆಕ್ಕ ಕಷ್ಟವೆನಿಸಿದರೆ, ಗಾತ್ರದಲ್ಲಿ ಎರಡು ಮೂರು ಪಾಲು ಒಣ ಪದಾರ್ಥಕ್ಕೆ ಒಂದು ಪಾಲು ಹಸಿಯದು ಎಂದು ಇಟ್ಟುಕೊಳ್ಳಬಹುದು.

ಎರಡು ಅಪಾಯಗಳನ್ನು ತಿಳಿದಿರಬೇಕು. ಹಳೆಯ ಕಟ್ಟಡಗಳಿಗೆ ಹಿಂದೆ ಸೀಸವಿರುವ ಬಣ್ಣ ಬಳಿದಿರಬಹುದು; ಗೋಡೆಯ ಬುಡದ ಮಣ್ಣಿನಲ್ಲಿ ಆ ಸೀಸ ದಶಕಗಳ ಕಾಲ ಉಳಿಯುತ್ತದೆ, ಆದ್ದರಿಂದ ಅಲ್ಲಿ ತಿನ್ನುವ ಬೆಳೆ ಹಾಕುವ ಮೊದಲು ಸೀಸದ ಪರೀಕ್ಷೆ ಮಾಡಿಸಬೇಕು. ಎರಡನೆಯದಾಗಿ, ಅಮಿನೋಪೈರಾಲಿಡ್‌ನಂತಹ ಕೆಲವು ಕಳೆನಾಶಕಗಳು ಹುಲ್ಲಿನಿಂದ ದನದ ಹೊಟ್ಟೆಗೆ, ಅಲ್ಲಿಂದ ಸಗಣಿಗೆ ಹೋಗಿ ಕಾಂಪೋಸ್ಟ್ ಆದ ಮೇಲೂ ಕ್ರಿಯಾಶೀಲವಾಗಿ ಉಳಿಯುತ್ತವೆ. ಹೊರಗಿನಿಂದ ಗೊಬ್ಬರ ತಂದರೆ ಮೊದಲು ಒಂದು ಕುಂಡದಲ್ಲಿ ಬೆರೆಸಿ ಹುರುಳಿಕಾಯಿ ಬೀಜ ಬಿತ್ತಿ ನೋಡಿ. ಎಲೆಗಳು ಸುರುಟಿ ತಿರುಚಿಕೊಂಡರೆ ಆ ಗೊಬ್ಬರ ಬೇಡ.

ಸಮಾಧಿಭೂಮಿಯಲ್ಲೂ ಏನಾದರೂ ಮಾಡಬಹುದೇ?

ಅಗೆಯುವ ಕೆಲಸ ಏನೂ ಬೇಡ. ಬಹುಕಾಲ ಉಳುಮೆ ಕಾಣದ ನೆಲವಾದ್ದರಿಂದ ಹಳೆಯ ಸಮಾಧಿಭೂಮಿಗಳಲ್ಲಿ ಅಪರೂಪದ ಹುಲ್ಲು, ಹೂಗಿಡಗಳು ಉಳಿದಿರುತ್ತವೆ. ಕಳೆನಾಶಕ ಸಿಂಪಡಿಸದೆ, ಹುಲ್ಲು ಹೂಬಿಟ್ಟು ಬೀಜ ಉದುರಿದ ಮೇಲೆ ಕತ್ತರಿಸಿದರೆ ಸಾಕು. ಆದರೆ ಮೃತರ ಕುಟುಂಬಗಳಿಗೆ ಮೊದಲೇ ತಿಳಿಸಿ. ಬೆಳೆದ ಹುಲ್ಲು ಅವರ ಕಣ್ಣಿಗೆ ಅನಾದರದಂತೆ ಕಾಣಬಹುದು.

ಇದನ್ನು ನಿಜವಾಗಿ ಮಾಡಿ ತೋರಿಸಿದವರು ಇದ್ದಾರೆಯೇ?

ಇದ್ದಾರೆ, ಬೇರೆ ಬೇರೆ ಖಂಡಗಳಲ್ಲಿ. ಉತ್ತರ ಇಥಿಯೋಪಿಯದ ಎತ್ತರದ ಪ್ರದೇಶಗಳಲ್ಲಿ ಮೂಲ ಕಾಡು ಬಹುತೇಕ ಅಳಿದುಹೋಗಿದ್ದರೂ ಆರ್ಥೊಡಾಕ್ಸ್ ತೆವಾಹೆದೋ ಸಭೆಯ ದೇವಾಲಯಗಳ ಸುತ್ತ ಹಸಿರು ದ್ವೀಪಗಳಂತೆ ಕಾಡಿನ ತುಂಡುಗಳು ಉಳಿದಿವೆ. ಅಲ್ಲಿನ ಅರಣ್ಯವಿಜ್ಞಾನಿ ಅಲೆಮಾಯೆಹು ವಾಸ್ಸೀ ಮತ್ತು ಅಮೆರಿಕದ ಜೀವವಿಜ್ಞಾನಿ ಮಾರ್ಗರೆಟ್ ಲೋಮನ್ ಅಲ್ಲಿನ ಗುರುಗಳೊಂದಿಗೆ ಕೂಡಿ, ದನಗಳು ನುಗ್ಗದಂತೆ ಈ ಕಾಡುಗಳ ಸುತ್ತ ಕಲ್ಲುಗೋಡೆ ಕಟ್ಟುವ ಕೆಲಸಕ್ಕೆ ನೆರವಾದರು. ಗೋಡೆಗೆ ಬಳಸಿದ್ದು ರೈತರು ತಮ್ಮ ಹೊಲಗಳಿಂದಲೇ ಆಯ್ದ ಕಲ್ಲು. ಹಾಗಾಗಿ ಕಾಡಿಗೂ ಹೊಲಕ್ಕೂ ಒಂದೇ ಕೆಲಸದಿಂದ ಉಪಕಾರವಾಯಿತು.

ಬೆನಿನ್ ದೇಶದ ಪೋರ್ಟೊ-ನೋವೊದಲ್ಲಿ ಡೊಮಿನಿಕನ್ ಗುರು ಗಾಡ್‌ಫ್ರೀ ನ್ಸಮುಜೊ 1985ರಲ್ಲಿ ಆರಂಭಿಸಿದ ಸೊಂಗೈ ಕೇಂದ್ರ, ಬೆಳೆ, ಕೋಳಿ, ಮೀನು, ಜೈವಿಕ ಅನಿಲಗಳನ್ನು ಒಂದರ ಕಸ ಇನ್ನೊಂದರ ಆಹಾರವಾಗುವಂತೆ ಜೋಡಿಸಿ, ಯುವಕರಿಗೆ ತರಬೇತಿ ಕೊಡುತ್ತ ಬಂದಿದೆ. ಗುಲಾಮಗಿರಿಯಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಅಮೆರಿಕದ ಅಲಬಾಮದ ಟಸ್ಕೀಗಿ ಸಂಸ್ಥೆಗೆ ಬಂದು, ಹತ್ತಿಯಿಂದ ಬರಡಾದ ಹೊಲಗಳಲ್ಲಿ ಅಲಸಂದೆ, ಕಡಲೆಕಾಯಿಗಳನ್ನು ಸರದಿಯಾಗಿ ಬೆಳೆಯುವುದನ್ನೂ ಕಾಡಿನ ತರಗೆಲೆಯನ್ನು ಗೊಬ್ಬರವಾಗಿ ಬಳಸುವುದನ್ನೂ ಬಡ ಕಪ್ಪು ರೈತರಿಗೆ ಕಲಿಸಿದರು. ಅದೇ ಸಂಸ್ಥೆಯಲ್ಲಿ ಭಾನುವಾರ ಬೈಬಲ್ ತರಗತಿಯನ್ನೂ ನಡೆಸುತ್ತಿದ್ದರು. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆಯ ವಾಲ್ಟರ್ ಲೌಡರ್‌ಮಿಲ್ಕ್ 1939ರಲ್ಲಿ ಜೆರುಸಲೇಮಿನ ರೇಡಿಯೊದಲ್ಲಿ, ಭೂಮಿಯನ್ನು ನಂಬಿಗಸ್ತ ಪಾರುಪತ್ಯಗಾರರಾಗಿ ಕಾಪಾಡಬೇಕೆಂಬ 'ಹನ್ನೊಂದನೆಯ ಆಜ್ಞೆ'ಯೊಂದನ್ನು ಸೂಚಿಸಿದ್ದು ಸವೆದುಹೋದ ಪ್ರಾಚೀನ ನಾಡುಗಳ ಹೊಲಗಳನ್ನು ಕಣ್ಣಾರೆ ಕಂಡ ಮೇಲೆ.

ದೇವರ ಕ್ರಮದಂತೆ ಬೇಸಾಯ ಮಾಡಿದರೆ ಇಳುವರಿ ಖಂಡಿತ ಹೆಚ್ಚುತ್ತದೆ ಎಂದು ಬೋಧಿಸಬಹುದೇ?

ಬೋಧಿಸಬಾರದು. ಜಿಂಬಾಬ್ವೆಯಲ್ಲಿ 1980ರ ದಶಕದಲ್ಲಿ ಬ್ರಯನ್ ಓಲ್ಡ್‌ರೀವ್ ಎಂಬ ರೈತರು, ಕಾಡಿನಲ್ಲಿ ಯಾರೂ ಉಳುವುದಿಲ್ಲ ಮತ್ತು ನೆಲದ ಮೇಲೆ ಸದಾ ಎಲೆಯ ಹೊದಿಕೆ ಇರುತ್ತದೆ ಎಂಬುದನ್ನು ಗಮನಿಸಿ ರೂಪಿಸಿದ ವಿಧಾನವು ಸಭೆಗಳ ಮೂಲಕ ಆಫ್ರಿಕದ ಅನೇಕ ದೇಶಗಳಿಗೆ ಹರಡಿತು. ಉಳುಮೆ ಇಲ್ಲದೆ ಗುಣಿ ತೆಗೆದು ಬಿತ್ತುವುದು, ಹೊದಿಕೆ, ಬೆಳೆ ಸರದಿ ಇವುಗಳಿಗೆ ಕೃಷಿವಿಜ್ಞಾನದಲ್ಲಿ ಗಟ್ಟಿ ಆಧಾರವಿದೆ. ಆದರೆ ಒಳ್ಳೆಯ ಸುಗ್ಗಿಯನ್ನು ವಿಧೇಯತೆಯ ಬಹುಮಾನವೆಂದು ಕಲಿಸಿದ ದಿನವೇ, ಬರ ಬಂದ ವರ್ಷ ಹೊದಿಕೆ ಹಾಸಿಯೂ ಬೆಳೆ ಕಳೆದುಕೊಂಡ ವಿಧವೆಗೆ ನಿನ್ನ ವಿಶ್ವಾಸ ಸಾಲದು ಎಂದು ಹೇಳಿದಂತಾಗುತ್ತದೆ. ಮಳೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಸುರಿಯುತ್ತದೆ, ಸುರಿಯದಿರುವುದೂ ಹಾಗೆಯೇ.

ಆರಾಧನೆಯಲ್ಲಿ ಮಣ್ಣಿಗೆ ಎಲ್ಲಿ ಸ್ಥಳ?

ಐದನೆಯ ಶತಮಾನದಲ್ಲಿ ಇಂದಿನ ಫ್ರಾನ್ಸಿನ ವಿಯೆನ್ನ್ ಪಟ್ಟಣದ ಬಿಷಪ್ ಮಾಮೆರ್ತುಸ್ ಆರಂಭಿಸಿದರೆನ್ನಲಾದ ರೊಗೇಶನ್ ದಿನಗಳು ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ಮೂರು ದಿನ. ಆಗ ಸಭೆ ಪ್ರಾರ್ಥಿಸುತ್ತ ಹೊಲಗಳ ಸುತ್ತ ಮೆರವಣಿಗೆ ಹೋಗುತ್ತಿತ್ತು. 1989ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನರಾದ ಒಂದನೆಯ ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಕಥೋಲಿಕ ಸಭೆಯನ್ನೂ ಅದಕ್ಕೆ ಸೇರಿಸಿದರು. ಸೆಪ್ಟೆಂಬರ್ 1ರಿಂದ ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗಿನ ದಿನಗಳನ್ನು ಅನೇಕ ಸಭೆಗಳು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ನನ್ನ ಸಲಹೆ ಇಷ್ಟೇ: ಮೆರವಣಿಗೆ ಹೊರಟಾಗ ಒಂದು ಸಲಿಕೆಯೂ ಜೊತೆಗಿರಲಿ. ಪ್ರಾರ್ಥಿಸಿದ ಹೊಲದಲ್ಲಿ ಅಗೆದು ನೋಡಿ, ಕಂಡದ್ದನ್ನು ಆ ಪ್ರಾರ್ಥನೆಯಲ್ಲಿಯೇ ಹೇಳಬೇಕು.

ಪ್ರಸಂಗದಲ್ಲಿ ಈ ವಿಷಯ ಎತ್ತಿದಾಗ ಸಭೆಯ ರೈತರಿಗೆ ನೋವಾಯಿತು. ಹೇಗೆ ಮಾತನಾಡಬೇಕಿತ್ತು?

ಮಾತನಾಡುವ ಮೊದಲು ಕೇಳಿಸಿಕೊಳ್ಳಬೇಕಿತ್ತು. ಸಾಲ, ಬೆಲೆಯ ಏರಿಳಿತ, ಕೂಲಿಯ ಅಭಾವಗಳ ನಡುವೆ ಬೇಸಾಯ ಮಾಡುವವರು ಮಣ್ಣು ಕೆಡುತ್ತಿರುವುದನ್ನು ಎಲ್ಲರಿಗಿಂತ ಮೊದಲು ಕಂಡಿರುತ್ತಾರೆ. ಕಂಡೂ ಬೇರೆ ದಾರಿ ಕಾಣದೆ ಇರುತ್ತಾರೆ. ಅವರನ್ನು ಪೀಠದಿಂದ ತಿದ್ದುವುದು ನ್ಯಾಯವಲ್ಲ. ಸಭೆ ಮಾಡಬಹುದಾದುದು ಬೇರೆ: ವಿಧಾನ ಬದಲಿಸುವ ರೈತರಿಗೆ ಮೊದಲ ಎರಡು ಮೂರು ವರ್ಷ ಇಳುವರಿ ಇಳಿದರೆ ಆ ನಷ್ಟವನ್ನು ಹಂಚಿಕೊಳ್ಳುವ ನಿಧಿ, ಒಟ್ಟಾಗಿ ಬಳಸುವ ಉಪಕರಣ, ಬೆಳೆದದ್ದಕ್ಕೆ ಸಭೆಯ ಮನೆಗಳೇ ಖರೀದಿದಾರರು. ಹವಾಮಾನದ ಬಗ್ಗೆ ಸಭೆಯಲ್ಲಿ ಭಿನ್ನಾಭಿಪ್ರಾಯವಿದ್ದರೂ ಮಣ್ಣು ಕೊಚ್ಚಿಹೋಗುವುದು ಒಳ್ಳೆಯದು ಎನ್ನುವವರು ಯಾರೂ ಇರುವುದಿಲ್ಲ, ಮಾತು ಅಲ್ಲಿಂದ ಆರಂಭವಾಗಲಿ.

ಸಭೆಯ ಭೂಮಿಯೇ ಹಿಂದೆ ಬೇರೆಯವರಿಂದ ಕಿತ್ತುಕೊಂಡದ್ದಾಗಿದ್ದರೆ?

ಆಗ ಮಣ್ಣಿನ ಲೆಕ್ಕಕ್ಕಿಂತ ಮೊದಲು ಆ ಲೆಕ್ಕ. ಹೊಸ ನಾಡುಗಳ ಒಡೆತನವನ್ನು ಕ್ರೈಸ್ತ ಅರಸರಿಗೆ ಹಂಚಿದ 1493ರ ಪೋಪ್ ಶಾಸನದಂತಹವುಗಳ ಮೇಲೆ ನಿಂತಿದ್ದ 'ಆವಿಷ್ಕಾರ ಸಿದ್ಧಾಂತ'ವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ಬಹಿರಂಗವಾಗಿ ತಿರಸ್ಕರಿಸಿತು. ಮಧ್ಯಯುಗದಲ್ಲಿ ಜವುಗು ನೆಲವನ್ನು ಬೇಸಾಯಕ್ಕೆ ತಂದ ಸಿಸ್ಟರ್ಶಿಯನ್ ಮಠಗಳನ್ನು ನಾವು ಮೆಚ್ಚಿ ಸ್ಮರಿಸುತ್ತೇವೆ. ಅವುಗಳಲ್ಲಿ ಕೆಲವು ಹಳ್ಳಿಗಳನ್ನು ಒಕ್ಕಲೆಬ್ಬಿಸಿದವು ಎಂಬುದೂ ದಾಖಲೆಯಲ್ಲಿದೆ. ಕೊಲೆಯಾದ ನಾಬೋತನಿಂದ ಕೈಗೆ ಬಂದ ದ್ರಾಕ್ಷಿತೋಟವನ್ನು ಅರಸ ಅಹಾಬನು ಎಷ್ಟೇ ಚೆನ್ನಾಗಿ ಗೊಬ್ಬರ ಹಾಕಿ ನೋಡಿಕೊಂಡಿದ್ದರೂ, ಕೊಂದು ಸ್ವಾಧೀನ ಮಾಡಿಕೊಂಡೆಯಾ ಎಂಬ ಪ್ರವಾದಿ ಎಲೀಯನ ಪ್ರಶ್ನೆ ಬದಲಾಗುತ್ತಿರಲಿಲ್ಲ. ಹಳೆಯ ಪತ್ರಗಳನ್ನು ತೆಗೆದು ಓದಿ, ಆ ಜನರ ಸಂತತಿಯವರು ಇದ್ದರೆ ಅವರೊಂದಿಗೆ ಕುಳಿತು ಮಾತನಾಡಬೇಕು. ಹಿಂದಿರುಗಿಸುವ ಮಾತು ಬಂದರೆ ಕಿವಿ ಮುಚ್ಚಿಕೊಳ್ಳಬಾರದು.

ಫಲಿತಾಂಶ ಕಾಣಲು ಎಷ್ಟು ಕಾಲ ಬೇಕು?

ನೀರು ಇಂಗುವ ವೇಗ, ಎರೆಹುಳುಗಳ ಸಂಖ್ಯೆ, ಹರಳುಗಟ್ಟುವಿಕೆ ಇವು ಒಂದರಿಂದ ಮೂರು ವರ್ಷದೊಳಗೆ ಬದಲಾಗುವುದನ್ನು ಕಾಣಬಹುದು. ಸಾವಯವ ಪದಾರ್ಥದ ಪ್ರಮಾಣ ಏರುವುದು ಬಹಳ ನಿಧಾನ, ಅದಕ್ಕೆ ಕಾರಣ ಲೆಕ್ಕದಲ್ಲಿದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 2000 ಟನ್ ತೂಗುತ್ತದೆ. ಶೇ 1 ಏರಬೇಕಾದರೆ 20 ಟನ್ ಸಾವಯವ ಪದಾರ್ಥ ಅಲ್ಲಿ ನೆಲೆನಿಲ್ಲಬೇಕು. ಹಾಕಿದ ಎಲೆ, ಹುಲ್ಲುಗಳ ಬಹುಪಾಲನ್ನು ಜೀವಿಗಳು ಉಂಡು ಇಂಗಾಲದ ಡೈಆಕ್ಸೈಡ್ ಆಗಿ ಉಸಿರುತ್ತವೆ, ಉಳಿಯುವುದು ಸ್ವಲ್ಪ. ಆದ್ದರಿಂದ ಎರಡೇ ವರ್ಷದಲ್ಲಿ ಇಂಗಾಲವನ್ನು ದುಪ್ಪಟ್ಟು ಮಾಡಿ ಕೊಡುವ ಭರವಸೆಗಳನ್ನು ನಂಬಬೇಡಿ. ಶೇಖರವಾದದ್ದು ಕೂಡ ಮತ್ತೆ ಆಳವಾಗಿ ಉತ್ತರೆ ಗಾಳಿಗೆ ಹೋಗುತ್ತದೆ.

ಲೂಕ 13ರಲ್ಲಿ ಫಲ ಕೊಡದ ಅಂಜೂರದ ಮರವನ್ನು ಕಡಿಯೆಂದ ಒಡೆಯನನ್ನು ತೋಟಗಾರನು ಬೇಡಿಕೊಳ್ಳುವುದು ಒಂದು ವರ್ಷದ ಅವಧಿಯನ್ನು, ಬುಡ ಅಗೆದು ಗೊಬ್ಬರ ಹಾಕುವುದಕ್ಕಾಗಿ. ಸಭಾಪಾಲಕರು ವರ್ಗವಾಗುತ್ತಾರೆ, ಸಮಿತಿಗಳು ಬದಲಾಗುತ್ತವೆ, ಮಣ್ಣು ಮಾತ್ರ ಅಲ್ಲಿಯೇ ಇರುತ್ತದೆ. ಹೀಗಾಗಿ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆಪುಸ್ತಕಗಳನ್ನು ಇಟ್ಟಿರುವ ಕಪಾಟಿನಲ್ಲಿಯೇ ಇನ್ನೊಂದು ಪುಸ್ತಕವಿರಲಿ: ಅಗೆದ ದಿನಾಂಕ, ಅಗೆದ ಜಾಗದ ಗುರುತು, ಹುಳುಗಳ ಎಣಿಕೆ, ಎರಡನೆಯ ಲೋಟ ನೀರು ಇಂಗಲು ಹಿಡಿದ ನಿಮಿಷಗಳು, ಅಗೆದವರ ಸಹಿ.